ಕೂಡಿ ಹೇಳುವ ಕಥೆ, ಕೂಡಿ ಬೆಳೆಯುವ ಮಾತು

ಅಜ್ಜಿ ಕಥೆ ಹೇಳುವಾಗ ಮಕ್ಕಳು ‘ಹೂಂ’ ಎನ್ನುತ್ತಿರಬೇಕೆಂಬುದು ನಮ್ಮ ಸೀಮೆಯ ಹಳೆಯ ಕಟ್ಟಳೆ. ‘ಹೂಂ’ ನಿಂತಿತೆಂದರೆ ಮಗು ನಿದ್ದೆ ಹೋಯಿತೆಂದು ತಿಳಿದು ಅಜ್ಜಿಯೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದಳು. ಮೇಲ್ನೋಟಕ್ಕೆ ಇದು ಮಗುವಿನ ಎಚ್ಚರವನ್ನು ಪರೀಕ್ಷಿಸುವ ಸಣ್ಣ ಉಪಾಯವೆಂದು ತೋರಬಹುದು. ಆದರೆ ಶಿಕ್ಷಣದ ದೃಷ್ಟಿಯಿಂದ ನೋಡಿದಾಗ ಇದರಲ್ಲಿ ಒಂದು ದೊಡ್ಡ ತತ್ತ್ವವೇ ಅಡಗಿದೆ. ಕೇಳುವವನಿಗೂ ಕಥೆಯಲ್ಲಿ ಪಾಲುಂಟು. ಅವನ ದನಿಯಿಲ್ಲದೆ ಕಥೆ ಮುಂದೆ ಸಾಗುವುದಿಲ್ಲ. ಈ ತತ್ತ್ವವನ್ನು ವರ್ಗದ ಕೋಣೆಗೆ ತರುವುದು ಹೇಗೆ, ತಂದರೆ ಗಡಿಭಾಗದ ಕನ್ನಡ ಮಗುವಿಗೆ ಆಗುವ ಪ್ರಯೋಜನವೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಮಕ್ಕಳ ಭಾಷಾಸ್ಥಿತಿ

ಸೊಲ್ಲಾಪುರ, ಅಕ್ಕಲಕೋಟ ಭಾಗದ ಮಗು ಹುಟ್ಟಿನಿಂದಲೇ ಹಲವು ಭಾಷೆಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ನೇಕಾರರ ಓಣಿಯಲ್ಲಿ ತೆಲುಗು, ನೆರೆಮನೆಯಲ್ಲಿ ಉರ್ದು, ದೂರದರ್ಶನದಲ್ಲಿ ಹಿಂದಿ, ಭವಿಷ್ಯದ ಹೆಸರಿನಲ್ಲಿ ಇಂಗ್ಲಿಷ್. ಇದು ದೌರ್ಭಾಗ್ಯವಲ್ಲ, ಸಂಪತ್ತು. ಮನೆಯ ಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಕನ್ನಡದ ವರಕವಿಯಾದರು. ಅವರೇ 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡವನ್ನು ಬೋಧಿಸಿದರು. ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿದವರು. ಕನ್ನಡವನ್ನು ಸ್ವಂತ ಪರಿಶ್ರಮದಿಂದ ಒಲಿಸಿಕೊಂಡು, ಸಿದ್ಧರಾಮೇಶ್ವರರ ಪುರಾಣವನ್ನು ತ್ರಿಪದಿಗಳಲ್ಲಿ ರಚಿಸಿ, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಹಲವು ಭಾಷೆಗಳ ನಡುವೆ ಬೆಳೆದವರಿಗೆ ಕನ್ನಡ ದೂರವಾಗಬೇಕಾಗಿಲ್ಲ ಎಂಬುದಕ್ಕೆ ಇವೆರಡು ನಿದರ್ಶನಗಳೇ ಸಾಕು.

ತೊಂದರೆ ಬೇರೆಡೆಯಲ್ಲಿದೆ. ನಮ್ಮ ಮಗು ಮನೆಯಲ್ಲಿ ‘ಅಂವ ಹೋಗ್ಯಾನ’, ‘ಅಕಿ ಬಂದಾಳ’ ಎನ್ನುತ್ತದೆ. ಪಠ್ಯಪುಸ್ತಕದಲ್ಲಿ ‘ಅವನು ಹೋಗಿದ್ದಾನೆ’, ‘ಅವಳು ಬಂದಿದ್ದಾಳೆ’ ಎಂದಿರುತ್ತದೆ. ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಆ ಪುಸ್ತಕದ ಕನ್ನಡವನ್ನು ಮಗು ಕಲಿಯಲೇಬೇಕು. ಆದರೆ ಮೊದಲ ಇಯತ್ತೆಯಲ್ಲಿ ಬಾಯಿ ತೆರೆದೊಡನೆ ‘ಹಾಗಲ್ಲ, ಹೀಗೆ’ ಎಂದು ತಿದ್ದಿಸಿಕೊಂಡ ಮಗು ಮರುದಿನ ಬಾಯಿ ತೆರೆಯುವುದಿಲ್ಲ. ಅದು ಕನ್ನಡವನ್ನು ಕೇಳುತ್ತದೆ, ತಿಳಿಯುತ್ತದೆ, ಫಳಿಯ ಮೇಲಿನದನ್ನು ನಕಲು ಮಾಡುತ್ತದೆ. ತಾನಾಗಿ ನಾಲ್ಕು ವಾಕ್ಯಗಳನ್ನು ಮಾತ್ರ ಹೇಳಲಾರದು. ಹೀಗೆ ಕೇಳಿಯೂ ಆಡದ ಭಾಷೆ ಒಂದೆರಡು ತಲೆಮಾರಿನಲ್ಲಿ ಅಜ್ಜ ಅಜ್ಜಿಯರೊಡನೆ ಮಾತ್ರ ಉಪಯೋಗಕ್ಕೆ ಬರುವ ಭಾಷೆಯಾಗಿ, ಅವರೊಡನೆಯೇ ಮುಗಿದುಹೋಗುವ ಭಯವುಂಟು. ಗಡಿಭಾಗದ ಕನ್ನಡ ಶಾಲೆಗೆ ಇದಕ್ಕಿಂತ ದೊಡ್ಡ ಚಿಂತೆ ಬೇರೊಂದಿಲ್ಲ.

ನಮ್ಮಲ್ಲಿಯೇ ಇದ್ದ ಪರಂಪರೆ

ಎಲ್ಲರೂ ಕೂಡಿ ಹಾಡುವ, ಕೂಡಿ ಹೇಳುವ ರೀತಿ ನಮಗೆ ಹೊಸತಲ್ಲ. ಬೀಸುಕಲ್ಲಿನ ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಾಕೆ ಹಾಡಿನ ನುಡಿ ಎತ್ತಿದರೆ ಇನ್ನೊಬ್ಬಾಕೆ ಅದಕ್ಕೆ ದನಿಗೂಡಿಸುತ್ತಿದ್ದಳು. ಗೀಗೀ ಪದದಲ್ಲಿ ಮುಂದಿನವನು ಕಥೆಯನ್ನು ನಡೆಸಿದರೆ ಹಿಂದಿನವರು ‘ಗೀ ಗೀ’ ಎಂದು ಸೊಲ್ಲು ಹಿಡಿದು ಅದನ್ನು ಮುಂದೂಡುತ್ತಾರೆ. ಹರದೇಶಿ ನಾಗೇಶಿ ಹಾಡಿಕೆಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಎರಡು ಮೇಳಗಳು ಸವಾಲು ಜವಾಬುಗಳನ್ನು ನಡೆಸುತ್ತವೆ. ಒಂದು ಮೇಳದ ಪ್ರಶ್ನೆಯೇ ಇನ್ನೊಂದು ಮೇಳದ ಕಥೆಗೆ ಮೊದಲಾಗುತ್ತದೆ.

ಭೀಮೆಯ ಆಚೆಗೆ, ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸೇರಿ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಹೊರತಂದರು. ಆ ಹಾಡುಗಳಿಗೆ ಒಬ್ಬ ಕವಿಯ ಹೆಸರಿಲ್ಲ. ಅನೇಕ ಬಾಯಿಗಳು ಕೂಡಿ ಕಟ್ಟಿದ ಸಾಹಿತ್ಯವದು. ಆಡುಮಾತಿನಲ್ಲಿದ್ದುದನ್ನು ಕೀಳೆಂದು ತಳ್ಳದೆ, ಇದ್ದಂತೆಯೇ ಗೌರವದಿಂದ ಬರೆದುಕೊಂಡದ್ದು ಹಲಸಂಗಿಯ ಗೆಳೆಯರ ಹಿರಿಮೆ. ನಮ್ಮ ವರ್ಗಗಳಲ್ಲಿ ಮಕ್ಕಳ ಮಾತಿಗೆ ಸಲ್ಲಬೇಕಾದುದೂ ಇದೇ ಗೌರವ.

ಹೊರನಾಡಿನ ಶಿಕ್ಷಣತಜ್ಞರೂ ಇದನ್ನೇ ಕಂಡುಕೊಂಡಿದ್ದಾರೆ. ಗುಜರಾತಿನ ಗಿಜುಭಾಯಿ ಬಧೇಕಾ (1885–1939) ಅವರ ‘ದಿವಾಸ್ವಪ್ನ’ದಲ್ಲಿ ಬರುವ ಹೊಸ ಶಿಕ್ಷಕನು ಗದ್ದಲದ ವರ್ಗವನ್ನು ಶಾಂತಗೊಳಿಸಲಾರದೆ ಸೋತು, ಕೊನೆಗೆ ಕಥೆ ಹೇಳತೊಡಗಿದಾಗ ಮಕ್ಕಳು ತಾವಾಗಿಯೇ ಸುತ್ತ ಬಂದು ಕೂಡುತ್ತಾರೆ. ಇಟಲಿಯ ಮಕ್ಕಳ ಸಾಹಿತಿ ಜಾನ್ನಿ ರೊದಾರಿ (1920–1980) ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳೇ ಕಥೆ ಕಟ್ಟುವ ವಿಧಾನಗಳನ್ನು ಕುರಿತು 1973ರಲ್ಲಿ ಒಂದು ಪುಸ್ತಕವನ್ನೇ ಬರೆದನು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೆಯ ಇಯತ್ತೆಯ ವರೆಗೆ ಮನೆಮಾತಿನಲ್ಲಿ ಬೋಧನೆ ನಡೆಯಬೇಕೆಂದು ಹೇಳಿ, ಕಥನವನ್ನು ಬೋಧನೆಯ ಸಾಧನವಾಗಿ ಎಣಿಸಿದೆ.

ಇನ್ನು ಕಾರ್ಯರೂಪಕ್ಕೆ ಬರೋಣ. ಕೆಳಗಿನ ನಾಲ್ಕು ಹೆಜ್ಜೆಗಳಿಗೆ ಖರ್ಚೇನೂ ಇಲ್ಲ. ವಾರಕ್ಕೊಂದು ತಾಸು ಮೀಸಲಿಟ್ಟರೆ ಸಾಕು.

ಮೊದಲನೆಯ ಹೆಜ್ಜೆ: ಪಲ್ಲವಿ ಹಿಡಿಯುವುದು

ಒಂದು ಮತ್ತು ಎರಡನೆಯ ಇಯತ್ತೆಯ ಮಕ್ಕಳಿಗೆ ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆ ಹಿಡಿಸುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆ ಇದಕ್ಕೆ ತಕ್ಕುದು. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗೆ ಬಂದು ಬಾಗಿಲು ಬಡಿಯುತ್ತದೆ. ಗುಬ್ಬಿ ಪ್ರತಿಸಲವೂ ಒಂದೊಂದು ನೆಪ ಹೇಳುತ್ತದೆ. ಶಿಕ್ಷಕರು ಕಾಗೆಯಾದರೆ ವರ್ಗವೆಲ್ಲ ಗುಬ್ಬಿಯಾಗಲಿ. ಕೂಸಿಗೆ ಎರೆಯುವುದು, ಅಂಗಿ ತೊಡಿಸುವುದು, ಹಾಲು ಕುಡಿಸುವುದು ಎಂದು ನೆಪಗಳನ್ನು ಮಕ್ಕಳೇ ಹುಡುಕಲಿ. ಗುಂಪಿನ ದನಿಯಲ್ಲಿ ಅಂಜುಬುರುಕ ಮಗುವಿನ ದನಿಯೂ ಸೇರಿಕೊಳ್ಳುವುದರಿಂದ ತಪ್ಪುವ ಭಯವಿರುವುದಿಲ್ಲ. ಹತ್ತು ಸಲ ಗುಂಪಿನಲ್ಲಿ ನುಡಿದ ವಾಕ್ಯವನ್ನು ಹನ್ನೊಂದನೆಯ ಸಲ ಒಬ್ಬೊಬ್ಬರೇ ನುಡಿಯುವುದು ಕಷ್ಟವಲ್ಲ.

ಇದೇ ಕಥೆ ಮರಾಠಿ ಮನೆಗಳಲ್ಲಿಯೂ ಉಂಟು. ಎರಡರಲ್ಲಿಯೂ ಕಾಗೆಯ ಮನೆ ಸೆಗಣಿಯದು. ಆದರೆ ಮರಾಠಿಯಲ್ಲಿ ಗುಬ್ಬಿಯ ಮನೆ ಮೇಣದ್ದು, ನಮ್ಮ ಅನೇಕ ಮನೆಗಳಲ್ಲಿ ಹೇಳುವ ಕಥೆಯಲ್ಲಿ ಕಲ್ಲಿನದು. ಯಾವ ಮನೆ ಗಟ್ಟಿ, ಮಳೆಗೆ ಯಾವುದು ನಿಲ್ಲುವುದು, ಬೇಸಿಗೆಯ ಬಿಸಿಲಿಗೆ ಯಾವುದು ಕರಗುವುದು ಎಂದು ಕೇಳಿದರೆ ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಚರ್ಚೆಗೇ ನಿಲ್ಲುತ್ತಾರೆ. ಒಂದೇ ಭಾಷೆ ಬಲ್ಲ ಊರಿನ ಮಗುವಿಗೆ ಈ ಅನುಕೂಲವಿಲ್ಲ.

ಎರಡನೆಯ ಹೆಜ್ಜೆ: ತಡೆದು ಕೇಳುವುದು

ಮೂರು ಮತ್ತು ನಾಲ್ಕನೆಯ ಇಯತ್ತೆಗೆ ತಿಳಿದ ಕಥೆಯನ್ನೇ ತಕ್ಕ ಸ್ಥಳದಲ್ಲಿ ತಡೆದು ‘ಮುಂದೇನು?’ ಎಂದು ಕೇಳುವ ವಿಧಾನ ಒಪ್ಪುತ್ತದೆ. ಸೊಲ್ಲಾಪುರದ ಮಗುವಿಗೆ ಸಿದ್ಧರಾಮನ ಬಾಲ್ಯಕ್ಕಿಂತ ಹತ್ತಿರದ ಕಥೆ ಯಾವುದಿದೆ? ಸೊನ್ನಲಿಗೆಯೆಂಬ ಹೆಸರಿದ್ದ ಈ ಊರಿನಲ್ಲಿ ದನ ಕಾಯುತ್ತಿದ್ದ ಮೌನಿ ಹುಡುಗ. ಹೊಲಕ್ಕೆ ಬಂದು ಹಸಿವೆಯೆಂದ ಮಲ್ಲಯ್ಯ. ಮನೆಗೆ ಓಡಿಹೋಗಿ ಮೊಸರು ಕಲಸಿದ ಬುತ್ತಿಯನ್ನು ತಂದು ನೋಡಿದರೆ ಬಂದವನೇ ಇಲ್ಲ. ರಾಘವಾಂಕ ಕವಿಯ ‘ಸಿದ್ಧರಾಮ ಚಾರಿತ್ರ’ದಿಂದ ಹಿಡಿದು ಮನೆಯ ಹಿರಿಯರ ಬಾಯಿಯ ವರೆಗೆ ಹರಿದುಬಂದ ಪ್ರಸಂಗವಿದು.

ಇಲ್ಲಿ ಕಥೆಯನ್ನು ನಿಲ್ಲಿಸಬೇಕು. ಬುತ್ತಿ ಕೈಯಲ್ಲಿದೆ, ಉಣ್ಣುವವನಿಲ್ಲ. ಹುಡುಗ ಎಲ್ಲಿ ಹುಡುಕುವನು, ಯಾರನ್ನು ಕೇಳುವನು, ಏನೆಂದು ಕೂಗುವನು? ಒಂದು ಮಗು ಬಾವಿಯ ದಂಡೆಗೆ ಹೋಗುತ್ತದೆ, ಇನ್ನೊಂದು ಗಿಡ ಏರುತ್ತದೆ, ಮತ್ತೊಂದು ದನಗಳನ್ನೇ ಕೇಳುತ್ತದೆ. ಪ್ರತಿ ಉತ್ತರಕ್ಕೂ ‘ಆಮೇಲೆ?’ ಎಂಬ ಒಂದೇ ಪ್ರಶ್ನೆ ಸಾಕು. ಎಲ್ಲರ ಉತ್ತರಗಳೂ ಬಂದ ಮೇಲೆ ಶಿಕ್ಷಕರು ಪರಂಪರೆಯ ಕಥೆಯನ್ನು ಮುಂದುವರಿಸಲಿ: ಶ್ರೀಶೈಲಕ್ಕೆ ಹೊರಟ ಜಂಗಮರ ಜೊತೆಗೂಡಿದ್ದು, ಅಲ್ಲಿಯೂ ತನ್ನ ಮಲ್ಲಯ್ಯನನ್ನು ಕಾಣದೆ ಅತ್ತದ್ದು, ಕೊಳ್ಳಕ್ಕೆ ಧುಮುಕಲು ಹೋದಾಗ ಮಲ್ಲಿಕಾರ್ಜುನನು ಕೈಹಿಡಿದದ್ದು, ಮರಳಿ ಬಂದು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ್ದು. ತಾನೂ ಹುಡುಕಿದ ಮಗು ಈ ಹುಡುಕಾಟವನ್ನು ಕೇಳುವ ರೀತಿಯೇ ಬೇರೆ. ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳನ್ನೂ ಸಿದ್ಧೇಶ್ವರ ಕೆರೆಯನ್ನೂ ನೋಡುವಾಗ ಆ ಹುಡುಗ ಅದಕ್ಕೆ ನೆನಪಾಗುತ್ತಾನೆ.

ಒಂದು ಎಚ್ಚರಿಕೆ ಅವಶ್ಯ. ಪರಂಪರೆಯ ಕಥೆಯನ್ನು ಹೇಳಿದ ಮೇಲೆ ‘ನಿಮ್ಮ ಉತ್ತರಗಳೆಲ್ಲ ತಪ್ಪಾದವು’ ಎನ್ನಬಾರದು. ಅದು ಹಿರಿಯರು ಹೇಳಿದ ಕಥೆ, ಇದು ನಾವು ಕಟ್ಟಿದ ಕಥೆ ಎಂದಷ್ಟೇ ಹೇಳಬೇಕು.

ಮೂರನೆಯ ಹೆಜ್ಜೆ: ಸರಪಳಿ ಕಥೆ

ಐದನೆಯ ಇಯತ್ತೆಯಿಂದ ಮುಂದಿನವರು ಸ್ವತಂತ್ರವಾಗಿ ಕಥೆ ಕಟ್ಟಬಲ್ಲರು. ಎಂಟರಿಂದ ಹತ್ತು ಮಕ್ಕಳು ದುಂಡಾಗಿ ಕುಳಿತುಕೊಳ್ಳಲಿ. ವರ್ಗ ದೊಡ್ಡದಿದ್ದರೆ ನಾಲ್ಕೈದು ವರ್ತುಲಗಳಾಗಲಿ. ಕೈಯಿಂದ ಕೈಗೆ ಹೋಗಲು ಒಂದು ವಸ್ತು ಬೇಕು. ಜೋಳದ ತೆನೆಯಾದರೂ ಸರಿ, ಅರಿವೆಯ ಚೆಂಡಾದರೂ ಸರಿ. ಅದು ಕೈಗೆ ಬಂದವರು ಒಂದೇ ವಾಕ್ಯ ಹೇಳಿ ಮುಂದಿನವರಿಗೆ ದಾಟಿಸಬೇಕು. ನಿಯಮಗಳು ಮೂರೇ: ವಸ್ತು ಕೈಯಲ್ಲಿದ್ದವರು ಮಾತ್ರ ಮಾತನಾಡಬೇಕು; ಹಿಂದಿನವರು ಹೇಳಿದ್ದನ್ನು ಅಳಿಸಬಾರದು; ತೋಚದಿದ್ದರೆ ‘ಆಮೇಲೆ’ ಎಂದಷ್ಟೇ ಹೇಳಿ ದಾಟಿಸಬಹುದು.

ಮೊದಲ ವಾಕ್ಯಕ್ಕೆ ಎಳೆ ಸಿಗದಿದ್ದರೆ ರೊದಾರಿಯ ಉಪಾಯವನ್ನು ಬಳಸಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಶಬ್ದಗಳನ್ನು ಒಟ್ಟಿಗೆ ಇಟ್ಟರೆ ಕಲ್ಪನೆ ತಾನಾಗಿ ಕೆರಳುತ್ತದೆ ಎಂಬುದು ಅವನ ಮತ. ಅವನು ಕೊಟ್ಟ ಉದಾಹರಣೆ ‘ನಾಯಿ’ ಮತ್ತು ‘ಕಪಾಟು’. ನಾವು ನಮ್ಮ ಊರಿಗೆ ತಕ್ಕಂತೆ ‘ಕಾಗೆ’ ಮತ್ತು ‘ಚಾದರ’ ಎಂದು ಫಳಿಯ ಮೇಲೆ ಬರೆಯೋಣ. ಕಥೆ ಹೀಗೆ ಸಾಗಬಹುದು:

‘ಒಂದ್ ಊರಾಗ ಒಂದ್ ಕಾಗಿ ಇತ್ತು.’
‘ಅದಕ ಭಾಳ ಥಂಡಿ ಆಗಿತ್ತು.’
‘ನೇಕಾರ ಮಾಳಗಿ ಮ್ಯಾಲ ಚಾದರ ಒಣಗಾಕ ಹಾಕಿದ್ದ.’
‘ಕಾಗಿ ಚಾದರ ಕಚ್ಚಿಕೊಂಡು ಹಾರಿ ಹೋತು.’
‘ನೇಕಾರ ಕಲ್ಲು ಒಗದ, ಕಾಗಿ ಸತ್ತ ಹೋತು.’

ಐದನೆಯ ವಾಕ್ಯಕ್ಕೇ ನಾಯಕನು ಸತ್ತನು! ಸರಪಳಿ ಕಥೆ ನಡೆಸಿದ ಎಲ್ಲರಿಗೂ ಈ ಅನುಭವ ಆಗಿಯೇ ಆಗುತ್ತದೆ. ಇಲ್ಲಿ ಸಿಟ್ಟಾಗಬಾರದು, ಸತ್ತದ್ದನ್ನು ಅಳಿಸಲೂಬಾರದು. ‘ಗೂಡಿನ್ಯಾಗ ಕಾಗಿ ಮರಿ ಇದ್ದುವೇನು?’ ಎಂದು ಒಂದು ಪ್ರಶ್ನೆ ಹಾಕಿದರೆ ಕಥೆ ಮತ್ತೆ ಜೀವ ತಳೆಯುತ್ತದೆ. ಮರಿಗಳಿಗಾಗಿ ಕಾಗೆ ಚಾದರ ಒಯ್ದಿತ್ತೆಂದು ಒಂದು ಮಗು ಹೇಳಬಹುದು. ನೇಕಾರನು ಗೂಡನ್ನು ಕಂಡನೆಂದು ಇನ್ನೊಂದು ಹೇಳಬಹುದು. ಕಲ್ಲು ಒಗೆದವನ ಮನಸ್ಸಿನಲ್ಲಿ ಆಗ ಏನು ನಡೆಯಿತು ಎಂಬ ಪ್ರಶ್ನೆಗೆ ಬಂದಾಗ ವರ್ಗ ತಾನಾಗಿ ಗಂಭೀರವಾಗುತ್ತದೆ. ಯಾವ ನೀತಿಪಾಠವನ್ನೂ ಬೋಧಿಸದೆ ಮಕ್ಕಳು ಅನುಕಂಪದ ಬಾಗಿಲಿಗೆ ಬಂದು ನಿಂತಿರುತ್ತಾರೆ.

ಶಿಕ್ಷಕರ ಕೈಯಲ್ಲಿ ಸದಾ ಇರಬೇಕಾದ ಪ್ರಶ್ನೆಗಳು ನಾಲ್ಕು: ಇವರು ಯಾರು? ಇವರಿಗೆ ಏನು ಬೇಕು? ಅದಕ್ಕೆ ಅಡ್ಡಿ ಏನು? ಅಡ್ಡಿಯನ್ನು ದಾಟಲು ಏನು ಮಾಡಿದರು? ಕಥೆ ಎಲ್ಲಿ ನಿಂತರೂ ಇವುಗಳಲ್ಲಿ ಒಂದು ಪ್ರಶ್ನೆ ಅದನ್ನು ಮುಂದೆ ನಡೆಸುತ್ತದೆ.

ನಾಲ್ಕನೆಯ ಹೆಜ್ಜೆ: ಆಡುಮಾತಿನಿಂದ ಬರಹಕ್ಕೆ

ಕಥೆ ಬಾಯಲ್ಲಿಯೇ ಉಳಿದರೆ ಶಾಲೆಯ ಕೆಲಸ ಅರ್ಧವಾದಂತೆ. ವರ್ತುಲದ ಹೊರಗೆ ಒಬ್ಬ ವಿದ್ಯಾರ್ಥಿ ಅಥವಾ ಶಿಕ್ಷಕರು ಪ್ರತಿ ವಾಕ್ಯವನ್ನೂ ಮಕ್ಕಳು ಹೇಳಿದಂತೆಯೇ ಬರೆದುಕೊಳ್ಳಬೇಕು. ಮರುದಿನ ಫಳಿಯನ್ನು ಎರಡು ಭಾಗ ಮಾಡಿ ಎಡಕ್ಕೆ ‘ಮನೆಯ ಮಾತು’, ಬಲಕ್ಕೆ ‘ಪುಸ್ತಕದ ಮಾತು’ ಎಂದು ಬರೆಯಬೇಕು. ‘ಹಾರಿ ಹೋತು’ ಎಂಬುದು ‘ಹಾರಿಹೋಯಿತು’ ಆಗುವುದನ್ನೂ, ‘ಮಾಳಗಿ ಮ್ಯಾಲ’ ಎಂಬುದು ‘ಮಾಳಿಗೆಯ ಮೇಲೆ’ ಆಗುವುದನ್ನೂ ಮಕ್ಕಳೇ ಕಂಡುಹಿಡಿಯಲಿ. ನಡುವೆ ಮರಾಠಿ ಶಬ್ದ ಬಂದಿದ್ದರೆ, ಯಾರೋ ಒಬ್ಬರು ಮಳೆಗೆ ‘ಪಾಊಸ್’ ಎಂದಿದ್ದರೆ, ಅದನ್ನೂ ಬರೆದು ಕನ್ನಡದ ಶಬ್ದವನ್ನು ಬಲ್ಲವರು ಹೇಳಲೆಂದು ಕೇಳಬೇಕು. ಇಲ್ಲಿ ಮನೆಯ ಮಾತು ತಪ್ಪಲ್ಲ, ಪುಸ್ತಕದ ಮಾತು ಪರಕೀಯವಲ್ಲ. ಎರಡೂ ಒಂದೇ ಕಥೆಯ ಎರಡು ಉಡುಪುಗಳು. ಹತ್ತು ಪುಟ ವ್ಯಾಕರಣದಿಂದ ಮನಸ್ಸಿಗೆ ಇಳಿಯದ ಕ್ರಿಯಾಪದಗಳ ರೂಪಭೇದ ತಮ್ಮದೇ ಕಥೆಯ ಹತ್ತು ವಾಕ್ಯಗಳಿಂದ ಇಳಿಯುತ್ತದೆ.

ಕೊನೆಗೆ ಶುದ್ಧ ಪ್ರತಿಯನ್ನು ದೊಡ್ಡ ಹಾಳೆಯಲ್ಲಿ ಬರೆದು, ಚಿತ್ರ ಬಿಡಿಸಿ, ಕಟ್ಟಿದ ಎಲ್ಲರ ಹೆಸರನ್ನೂ ಹಾಕಿ ಗೋಡೆಗೆ ಅಂಟಿಸಬೇಕು. ವರ್ಷದ ಕೊನೆಯಲ್ಲಿ ಹಾಳೆಗಳನ್ನೆಲ್ಲ ಹೊಲಿದರೆ ವರ್ಗದ್ದೇ ಒಂದು ಕಥಾಸಂಗ್ರಹವಾಗುತ್ತದೆ. ಮುಂದಿನ ವರ್ಷದ ಮಕ್ಕಳಿಗೆ ಅದೇ ವಾಚನಪುಸ್ತಕ.

ಗಮನಿಸಬೇಕಾದ ಕೆಲವು ಸಂಗತಿಗಳು

ಎಲ್ಲ ವರ್ಗಗಳಲ್ಲಿಯೂ ಮೂರ್ನಾಲ್ಕು ಮಾತಿನ ಮಲ್ಲರಿರುತ್ತಾರೆ. ಕಥೆ ಅವರ ಸೊತ್ತಾಗದಂತೆ ನೋಡಿಕೊಳ್ಳುವುದು ಕೈವಸ್ತುವಿನ ನಿಯಮದಿಂದ ಸಾಧ್ಯ. ಬಾಯಿ ಬಿಡದ ಮಗುವಿಗೆ ಮೊದಲು ಶಬ್ದಗಳ ಕೆಲಸ ಕೊಡಬಹುದು: ಗಾಳಿಯ ಸಪ್ಪಳ, ಮಗ್ಗದ ಸಪ್ಪಳ, ಕಾಗೆಯ ಕೂಗು. ನಾಲ್ಕು ವಾರ ಕಾಗೆಯಾಗಿ ಕೂಗಿದ ಮಗು ಐದನೆಯ ವಾರ ಕಾಗೆಯ ಮಾತನ್ನೂ ಆಡಬಹುದು. ಸಹಪಾಠಿಯ ಜಾತಿ, ಬಣ್ಣ, ಬಡತನ, ಅಂಗವೈಕಲ್ಯಗಳನ್ನು ಹಾಸ್ಯ ಮಾಡುವ ವಾಕ್ಯ ಬಂದರೆ ಅಲ್ಲಿ ಮಾತ್ರ ಕಥೆಯನ್ನು ಖಂಡಿತವಾಗಿ ನಿಲ್ಲಿಸಬೇಕು. ವರ್ತುಲದಲ್ಲಿರುವವರ ಹೆಸರನ್ನು ಕಥೆಯಲ್ಲಿ ಬಳಸಬಾರದೆಂದು ಮೊದಲೇ ಹೇಳಿಡುವುದು ಒಳ್ಳೆಯದು. ಕೊನೆಯದಾಗಿ, ಈ ತಾಸಿಗೆ ಅಂಕಗಳನ್ನು ಕೊಡಬಾರದು. ಅಂಕ ಬಂದಲ್ಲಿ ಮಗು ಕಥೆಯನ್ನು ಬಿಟ್ಟು ಗುರುಗಳ ಮುಖವನ್ನು ನೋಡತೊಡಗುತ್ತದೆ.

ಮನೆಯವರ ಹಾಗೂ ಹಳೆಯ ವಿದ್ಯಾರ್ಥಿಗಳ ಪಾಲು

ಇಂದು ಕಥೆಗಳಿಗೆ ಬರವಿಲ್ಲ. ದೂರದರ್ಶನ, ಮೊಬೈಲ್‌ಗಳಲ್ಲಿ ಎಲ್ಲ ಭಾಷೆಗಳ ಕಥೆಗಳೂ ಹಗಲಿರುಳು ಸಿದ್ಧವಾಗಿವೆ. ಆದರೆ ಅವು ಮಗುವಿನ ‘ಹೂಂ’ಗಾಗಿ ಕಾಯುವುದಿಲ್ಲ. ಮಗು ನಿದ್ದೆ ಹೋದರೂ ಅವು ನಡೆದೇ ಇರುತ್ತವೆ. ಕಾಯುವ ಕಥೆ ಮನುಷ್ಯರ ಬಾಯಿಂದಲೇ ಬರಬೇಕು.

ಮನೆಯ ಹಿರಿಯರಿಂದ ಒಂದೊಂದು ಕಥೆಯನ್ನು ಕೇಳಿ ಬರುವ ಕೆಲಸವನ್ನು ಶಾಲೆ ಮಕ್ಕಳಿಗೆ ಕೊಡಲಿ. ಶನಿವಾರದ ಬೆಳಗಿನ ಶಾಲೆಗೆ ಅಜ್ಜ ಅಜ್ಜಿಯರನ್ನೇ ಕರೆತರಲಿ. ಅಕ್ಕಲಕೋಟ ಹಾಗೂ ದಕ್ಷಿಣ ಸೊಲ್ಲಾಪುರ ತಾಲೂಕಿನ ಹಳ್ಳಿಗಳಲ್ಲಿ ಹಂತಿಯ ಪದ, ಬೀಸುವ ಪದ, ಒಡಪು, ಒಗಟುಗಳನ್ನು ಬಲ್ಲ ಹಿರಿಯರು ಈಗಲೂ ಇದ್ದಾರೆ. ಎಷ್ಟು ದಿನ ಇರುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ರಜೆಗೆ ಊರಿಗೆ ಬಂದಾಗ ಒಂದು ತಾಸು ಶಾಲೆಯ ವರ್ತುಲದಲ್ಲಿ ಕುಳಿತು ತಮಗೆ ಗೊತ್ತಿದ್ದ ಒಂದು ಕಥೆಯ ಮೊದಲ ವಾಕ್ಯವನ್ನು ಹೇಳಲಿ. ದೇಣಿಗೆ ಕೊಡುವುದು ಎಷ್ಟು ಅವಶ್ಯವೋ ಇದೂ ಅಷ್ಟೇ ಅವಶ್ಯ.

ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು, ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದಲ್ಲಿಯೂ ಬಂದಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವನ್ನು ಆಕೆ ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಹೊರಬಿದ್ದು, ಅವಳ ಸಂಸಾರದಲ್ಲಿ ಸಂಶಯದ ಕಲಹವನ್ನು ಹಚ್ಚಿದವು. ಹೇಳದೆ ಇಟ್ಟುಕೊಂಡ ಕಥೆ ಸುಮ್ಮನೆ ಕೂಡುವುದಿಲ್ಲ ಎಂಬುದು ನಮ್ಮ ಹಿರಿಯರ ತಿಳಿವಳಿಕೆ. ಆಡದೆ ಇಟ್ಟುಕೊಂಡ ಭಾಷೆಗೂ ಇದು ಸಲ್ಲುತ್ತದೆ.

1950ರಲ್ಲಿ ಸೊಲ್ಲಾಪುರ ಅಖಿಲ ಕನ್ನಡಿಗರ ಸಾಹಿತ್ಯ ಸಮ್ಮೇಳನಕ್ಕೆ ಆತಿಥ್ಯ ನೀಡಿತ್ತು. ಅಂದಿನ ಉತ್ಸಾಹ ಇಂದು ಮತ್ತೆ ಬೇಕಾಗಿರುವುದು ಮಹಾಮಂಟಪಗಳಲ್ಲಲ್ಲ, ಹತ್ತು ಮಕ್ಕಳು ದುಂಡಾಗಿ ಕುಳಿತ ನಮ್ಮ ವರ್ಗದ ಕೋಣೆಗಳಲ್ಲಿ. ಸುವರ್ಣ ಮಹೋತ್ಸವವನ್ನು ಕಂಡ ಶಾಲೆಗೆ ಮುಂದಿನ ಐವತ್ತು ವರ್ಷಗಳಿಗೆ ಬೇಕಾದ ಮಕ್ಕಳು ಕನ್ನಡವನ್ನು ಓದಬಲ್ಲವರಷ್ಟೇ ಆದರೆ ಸಾಲದು. ಕನ್ನಡದಲ್ಲಿ ಮುಂದಿನ ವಾಕ್ಯವನ್ನು ತಾವೇ ಹೇಳಬಲ್ಲವರಾಗಬೇಕು. ಆ ಕೆಲಸವನ್ನು ಈ ವಾರದಿಂದಲೇ, ಒಂದು ತೆನೆ ಜೋಳವನ್ನು ಕೈಯಲ್ಲಿ ಹಿಡಿದು ಆರಂಭಿಸಬಹುದು.